ಕೊಪ್ಪದ ನೀರು: ಬೀಗದ ಕೈ ಯಾರ ಕೈಯಲ್ಲಿ?

ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ ಬೀಳುವ, ಹನ್ನೆರಡು ಹೊಳೆಗಳು ಹರಿಯುವ ಜಿಲ್ಲೆ ನಮ್ಮದು. ಇಂತಹ ನಾಡಿನಲ್ಲಿ ಕುಡಿಯುವ ನೀರಿನ ವಿಚಾರವಾಗಿ ಬರೆಯಬೇಕಾಗಿ ಬಂದಿರುವುದು ವಿಪರ್ಯಾಸವೇ ಸರಿ. ಆದರೆ ಸುಗ್ಗಿ ಕಳೆದು ಪಗ್ಗು ತಿಂಗಳು ಕಾಲಿಡುವ ಹೊತ್ತಿಗೆ ಗುಡ್ಡೆಯ ಮೇಲಿನ ಮನೆಗಳಲ್ಲಿ ಕೊಡಪಾನಗಳು ಸಾಲುಗಟ್ಟುವುದನ್ನು ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ನೀರು ಸಿಗದಿರುವುದು ಒಂದು ಕಷ್ಟ. ಸಿಕ್ಕಿದ ನೀರು ಕುಡಿಯಲು ಯೋಗ್ಯವಾಗಿಲ್ಲದಿರುವುದು ಇನ್ನೊಂದು. ಈ ಎರಡನೆಯ ಕಷ್ಟದ ಕುರಿತು, ಅದರಲ್ಲಿಯೂ ನಮ್ಮ ನಡುವೆಯೇ ಬಾಳುವ ಕೊರಗ ಬಂಧುಗಳಿಗೆ ಅದು ಹೇಗೆ ಒದಗಿದೆ ಎಂಬ ಕುರಿತು, ಓದುಗರ ಮುಂದೆ ನಾಲ್ಕು ಮಾತುಗಳನ್ನಿಡಲು ಬಯಸುತ್ತೇವೆ.

ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ವಾರದಲ್ಲಿ ಎರಡು ಮೂರು ದಿನ ಮೊದಲ ಪಿರಿಯಡ್ ಮುಗಿದ ಮೇಲೆ ಶಾಲೆಗೆ ಬರುತ್ತಿದ್ದಳು. ಕಾರಣ ಕೇಳಿದರೆ ತಲೆ ತಗ್ಗಿಸಿ ನಿಲ್ಲುವಳು. ಒಂದು ಶನಿವಾರ ನಾವೇ ಅವಳ ಕೊಪ್ಪಕ್ಕೆ ಹೋದೆವು. ಶಾಲೆಯಿಂದ ಒಂದು ಮೈಲಿನಷ್ಟು ದೂರದ ಗುಡ್ಡೆಯ ಮೇಲೆ ಹದಿನಾಲ್ಕು ಮನೆಗಳು. ಮನೆಗಳ ನಡುವೆ ಐದು ಸಾವಿರ ಲೀಟರಿನ ಟಾಂಕಿ, ಪಕ್ಕದಲ್ಲಿ ಸಣ್ಣದೊಂದು ಪಂಪು ಶೆಡ್ಡು. ಗೋಡೆಯಲ್ಲಿ ಉದ್ಘಾಟಿಸಿದವರ ಹೆಸರುಗಳನ್ನು ಕೆತ್ತಿದ ಕಲ್ಲು. ಬಾಗಿಲಿಗೆ ದೊಡ್ಡ ಬೀಗ. ಕಿಟಕಿಯಿಂದ ಇಣುಕಿದರೆ ಮರಳಿನಿಂದ ನೀರು ಸೋಸುವ ಫಿಲ್ಟರು ಕಂಡಿತು. ಆದರೆ ಅದನ್ನು ತಪ್ಪಿಸಿ ನೀರನ್ನು ನೇರವಾಗಿ ಟಾಂಕಿಗೆ ಬಿಡುವಂತೆ ಯಾರೋ ಪೈಪು ಜೋಡಿಸಿದ್ದರು. ಕ್ಲೋರಿನ್ ಹಾಕುವ ಯಂತ್ರ ಮೊದಲ ಮಳೆಗಾಲಕ್ಕೇ ನಿಂತುಹೋಗಿತ್ತಂತೆ. ಮೂಲೆಯಲ್ಲಿದ್ದ ಬ್ಲೀಚಿಂಗ್ ಪೌಡರಿನ ಚೀಲ ತೇವ ಹಿಡಿದು ಗಟ್ಟಿಯಾಗಿತ್ತು. ನಲ್ಲಿ ತಿರುಗಿಸಿದರೆ ಬಂದದ್ದು ತುಕ್ಕಿನ ಬಣ್ಣದ ನೀರು. ಅದನ್ನು ಬಟ್ಟೆ ಒಗೆಯಲು ಬಳಸಿ, ಕುಡಿಯುವುದಕ್ಕೆ ಹಿಂದಿನಂತೆಯೇ ಗುಡ್ಡೆಯ ಕೆಳಗಿನ ಪಳ್ಳದಿಂದ ಹೊತ್ತು ತರುತ್ತಿದ್ದರು. ಹುಡುಗಿ ತಡವಾಗಿ ಬರುತ್ತಿದ್ದ ಕಾರಣ ಇದು.

ಬೀಗದ ಕೈ ಎಲ್ಲಿ ಎಂದು ಕೇಳಿದೆವು. ಕಂತ್ರಾಟುದಾರರ ಕಡೆಯ ಒಬ್ಬನಲ್ಲಿದೆ, ಅವನಿರುವುದು ಪೇಟೆಯಲ್ಲಿ, ಬಾರದೆ ಮೂರು ತಿಂಗಳಾಯಿತು ಎಂದರು ಹಿರಿಯರೊಬ್ಬರು. ಬಾಗಿಲಿನ ಮೇಲೆ ಒಂದು ಫಲಕವಿತ್ತು. ಫಿಲ್ಟರನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಪೌಡರು ಎಷ್ಟು ಹಾಕಬೇಕು ಎಂಬುದೆಲ್ಲ ಅದರಲ್ಲಿ ಬರೆದಿತ್ತು, ಮಲಯಾಳದಲ್ಲಿ. ನಮ್ಮ ವಿದ್ಯಾರ್ಥಿನಿ ಅದರತ್ತ ಬೆರಳು ತೋರಿಸಿ, "ಸಾರ್, ಇದರಲ್ಲಿ ಏನು ಬರೆದಿದೆ?" ಎಂದು ಕೇಳಿದಳು. ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿರುವ, ಮನೆಯಲ್ಲಿ ತುಳು ಮಾತನಾಡುವ ಮಗು ಅವಳು. ಕೊಪ್ಪದಲ್ಲಿ ಅದನ್ನು ಓದಿ ಹೇಳಬಲ್ಲವರು ಯಾರೂ ಇರಲಿಲ್ಲ.

ಆ ಯೋಜನೆಗೆ ಹಣ ಬಂದಿತ್ತು. ಸಿಮೆಂಟು, ಕಬ್ಬಿಣ, ಯಂತ್ರ ಎಲ್ಲವೂ ಬಂದಿತ್ತು. ಬಾರದಿದ್ದುದು ಎರಡೇ ಸಂಗತಿಗಳು: ಬೀಗದ ಕೈ ಮತ್ತು ತಿಳಿವಳಿಕೆ. ನೀರು ಯಾರು ಕುಡಿಯಬೇಕೋ ಅವರ ಕೈಗೆ ಇವೆರಡನ್ನು ಕೊಡದೆ ಕಟ್ಟಿದ ಯಾವ ಶುದ್ಧೀಕರಣ ಘಟಕವೂ ಎರಡು ಮಳೆಗಾಲ ಬಾಳುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕೊರಗರ ವಿಚಾರವಾಗಿ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಿಳಲು ಬಳ್ಳಿಗಳಿಂದ ಅವರು ಹೆಣೆದ ಬುಟ್ಟಿ ಇಲ್ಲದ ಕೃಷಿಕರ ಮನೆ ಒಂದು ಕಾಲದಲ್ಲಿ ಈ ಸೀಮೆಯಲ್ಲಿರಲಿಲ್ಲ. ಕೇರಳದಲ್ಲಿ ಅತ್ಯಂತ ದುರ್ಬಲವೆಂದು ಗುರುತಿಸಲ್ಪಟ್ಟ ಐದು ಬುಡಕಟ್ಟುಗಳಲ್ಲಿ ಕೊರಗರೂ ಸೇರಿದ್ದಾರೆ. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲಿ ಅವರ ಸಂಖ್ಯೆ 1,600ನ್ನೂ ಮುಟ್ಟಿರಲಿಲ್ಲ. ಇಂತಹ ಬುಡಕಟ್ಟುಗಳಿಗೆಂದೇ ಕೇಂದ್ರ ಸರಕಾರ 2023ರ ನವೆಂಬರ್ 15ರಂದು 'ಪಿ.ಎಂ. ಜನಮನ್' ಎಂಬ ಯೋಜನೆಯನ್ನು ಆರಂಭಿಸಿತು. ಮನೆ, ರಸ್ತೆಗಳೊಡನೆ ಕೊಳವೆ ನೀರೂ ಅದರಲ್ಲಿ ಸೇರಿದೆ. 2024ರ ಜೂನ್ ತಿಂಗಳಲ್ಲಿ ಕೇರಳ ಸರಕಾರ, ಪರಿಶಿಷ್ಟರು ವಾಸಿಸುವ ಜಾಗಗಳನ್ನು 'ಕಾಲನಿ' ಎಂದು ಕರೆಯಬಾರದು, ಆ ಹೆಸರಿನಲ್ಲಿ ಅವಮಾನವಿದೆ ಎಂದು ಆದೇಶ ಹೊರಡಿಸಿತು. ಒಳ್ಳೆಯ ಆದೇಶ. ಆದರೆ ಫಲಕದ ಹೆಸರು ಬದಲಾದಷ್ಟು ಬೇಗ ನಲ್ಲಿಯ ನೀರಿನ ಬಣ್ಣ ಬದಲಾಗುವುದಿಲ್ಲ.

ಇಲ್ಲಿ ಸರಕಾರವನ್ನು ಮಾತ್ರ ದೂರಿದರೆ ನಾವು ಪ್ರಾಮಾಣಿಕರಾಗಲಾರೆವು. ಕೊರಗರಿಗೆ ನೀರಿನ ಕಷ್ಟವನ್ನು ತಂದಿಟ್ಟವರು ಮೊದಲು ಯಾರು? ನಮ್ಮ ಬಾಲ್ಯದಲ್ಲಿ ಅಜ್ಜನ ಮನೆಯ ಅಂಗಳದಾಚೆ ನಿಂತು ನೀರು ಕೇಳುತ್ತಿದ್ದವರಿಗೆ ದೂರದಿಂದ ಗೆರಟೆಗೆ ಹೊಯ್ಯುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬಾವಿಕಟ್ಟೆಯನ್ನು ಅವರು ಮುಟ್ಟುವಂತಿರಲಿಲ್ಲ. ಸಾರ್ವಜನಿಕ ಬಾವಿ ಕೆರೆಗಳ ಬಳಿ ಇಂತಹ ನಿರ್ಬಂಧ ಸಲ್ಲದೆಂದು ಸಂವಿಧಾನದ 15ನೆಯ ವಿಧಿ 1950ರಲ್ಲಿಯೇ ಹೇಳಿತ್ತು. ಗಡಿಯಾಚೆ ಕರ್ನಾಟಕದಲ್ಲಿ ಅಜಲು ಪದ್ಧತಿಯನ್ನು ನಿಷೇಧಿಸಲು ಶಾಸನ ಬಂದದ್ದು 2000ನೇ ಇಸವಿಯಲ್ಲಿ. ಒಳ್ಳೆಯ ನೀರಿನ ತಾಣಗಳೆಲ್ಲ ಬಯಲಿನ ಮನೆತನಗಳ ಪಾಲಾದವು. ಕೊಪ್ಪಗಳು ಗುಡ್ಡೆಯ ತುದಿಗೆ ಸರಿದವು. ಇಂದು ಅಲ್ಲಿಗೆ ನೀರು ಏರಿಸಲು ಪಂಪು, ವಿದ್ಯುತ್ತು ಬೇಕಾಗಿರುವುದರ ಹಿಂದೆ ಈ ಇತಿಹಾಸವಿದೆ. ಆದುದರಿಂದ ಈ ವಿಷಯದಲ್ಲಿ ನಮ್ಮ ಕೆಲಸವನ್ನು ಯಾರೂ ಉಪಕಾರವೆಂದು ತಿಳಿಯಬಾರದು. ಅದು ಹಳೆಯ ಸಾಲದ ಮರುಪಾವತಿ.

"ಅವರಿಗೆ ಕೊಟ್ಟರೆ ನಡೆಸಿಕೊಂಡು ಹೋಗಲು ಬರುವುದಿಲ್ಲ" ಎಂಬ ಮಾತನ್ನು ಕಚೇರಿಗಳಲ್ಲಿ ಮಾತ್ರವಲ್ಲ, ನಮ್ಮ ಜಗಲಿಗಳಲ್ಲಿಯೂ ಕೇಳುತ್ತೇವೆ. ಈ ಮಾತಿಗೆ ನಮ್ಮ ಮಣ್ಣಿನಲ್ಲಿಯೇ ಉತ್ತರವಿದೆ. ಮುರಕಲ್ಲಿನ ಗುಡ್ಡೆಯ ಬದಿಯನ್ನು ಅಡ್ಡಕ್ಕೆ ಕೊರೆದು ನೀರಿನ ಸೆಲೆಯನ್ನು ಹುಡುಕುವ ಸುರಂಗವಿದ್ಯೆ ಕಾಸರಗೋಡಿನ ಹೆಮ್ಮೆ. ಒಬ್ಬ ಮನುಷ್ಯ ನಡೆಯುವಷ್ಟು ಮಾತ್ರ ಅಗಲ, ಕೈಯಲ್ಲಿ ಪಿಕ್ಕಾಸು, ಪಕ್ಕದಲ್ಲಿ ಉರಿಯುವ ಮೊಂಬತ್ತಿ. ಬತ್ತಿ ನಂದಿದರೆ ಒಳಗೆ ಉಸಿರಾಡುವ ಗಾಳಿ ಸಾಲದೆಂದು ಅರ್ಥ. ಯಂತ್ರವಿಲ್ಲದೆ, ನಕ್ಷೆಯಿಲ್ಲದೆ, ಇಳಿಜಾರಿನ ಲೆಕ್ಕ ತಪ್ಪದೆ ನೀರನ್ನು ಅಂಗಳಕ್ಕೆ ಹರಿಸಿದವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತಲೇ ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡೆಯಲ್ಲಿ ತೋಟ ಮಾಡಿದವರು; 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಸುರಂಗ ತೋಡುವ ಕೈಗಳಿಗೆ ಫಿಲ್ಟರಿನ ವಾಲ್ವು ತಿರುಗಿಸಲು ಬಾರದೆಂದು ಹೇಳುವುದು ಯಾವ ನ್ಯಾಯ?

ಶುದ್ಧೀಕರಣವೆಂದ ಕೂಡಲೇ ಅದೇನೋ ಇಂಜಿನಿಯರುಗಳ ಗುಟ್ಟು ಎಂಬ ಭಾವನೆ ಹಲವರಲ್ಲಿದೆ. ವಾಸ್ತವದಲ್ಲಿ ಸಣ್ಣ ಘಟಕದ ಕೆಲಸ ಮೂರು ಹಂತಗಳದ್ದು. ಕಬ್ಬಿಣದ ಅಂಶವಿರುವ ನೀರನ್ನು ಎತ್ತರದಿಂದ ಚಿಮ್ಮಿಸಿ ಗಾಳಿಗೆ ಒಡ್ಡಿದರೆ ಕಬ್ಬಿಣ ತುಕ್ಕಾಗಿ ಬೇರೆಯಾಗುತ್ತದೆ. ಮರಳಿನ ಹಾಸು ಆ ತುಕ್ಕನ್ನೂ ಕೆಸರನ್ನೂ ಹಿಡಿಯುತ್ತದೆ. ಹಿಡಿದು ಹಿಡಿದು ಕಟ್ಟಿಕೊಂಡಾಗ ನೀರನ್ನು ಹಿಂದುಮುಂದಾಗಿ ಹರಿಸಿ ಮರಳನ್ನು ತೊಳೆಯಬೇಕು. ಕೊನೆಗೆ ರೋಗಾಣು ಕೊಲ್ಲಲು ಕ್ಲೋರಿನ್. ಇದರ ಲೆಕ್ಕ ಏಳನೆಯ ತರಗತಿಯ ಮಕ್ಕಳಿಗೂ ಬರುವಂತಹುದು: ಒಂದು ಸಾವಿರ ಲೀಟರು ನೀರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರು, ರೋಗ ಹರಡಿರುವಾಗ ಐದು ಗ್ರಾಂ. ಐದು ಸಾವಿರ ಲೀಟರಿನ ಟಾಂಕಿಗೆ ಹನ್ನೆರಡೂವರೆ ಗ್ರಾಂ ಸಾಕು. ಎರಡು ಮೀಟರು ವ್ಯಾಸದ ಬಾವಿಯಲ್ಲಿ ಮೂರು ಮೀಟರು ನೀರಿದ್ದರೆ ಅದು ಸುಮಾರು 9,400 ಲೀಟರು. ಅದಕ್ಕೆ ಬೇಕಾದುದು ಇಪ್ಪತ್ತನಾಲ್ಕು ಗ್ರಾಂ. ಪೌಡರನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಸೇರಿಸಬೇಕು. ಅರ್ಧ ಗಂಟೆಯಾದರೂ ಕಾಯಬೇಕು. ಪೌಡರಿನ ಚೀಲವನ್ನು ಬಾಯಿ ಕಟ್ಟಿ ಒಣಗಿದಲ್ಲಿ ಇಡದಿದ್ದರೆ ಅದರ ಸತ್ವ ಹಾರಿಹೋಗಿ ಬರಿಯ ಸುಣ್ಣ ಉಳಿಯುತ್ತದೆ. ಇಷ್ಟನ್ನು ಕಲಿಸಲು ಒಂದು ದಿನ ಸಾಕು. ಕೈ ಪಳಗಲು ಒಂದು ತಿಂಗಳು.

ಆದರೆ ಇದನ್ನು ಪ್ರತಿದಿನ ಮಾಡುವವರು ಬೇಕು. ಕೊಳವೆಯಲ್ಲಿ ಬಂದ ಮಾತ್ರಕ್ಕೆ ನೀರು ಶುದ್ಧವಲ್ಲ. 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೇಂಗೂರಿನಲ್ಲಿ ಕಾಮಾಲೆ ಹಬ್ಬಿ ಇನ್ನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದದ್ದು ಕೊಳವೆ ನೀರಿನಿಂದಲೇ. ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ. ಬಾವಿಗೋ ಸುರಂಗಕ್ಕೋ ಮೇಲ್ಗಡೆಯಲ್ಲಿ ಪಾಯಿಖಾನೆಯ ಗುಂಡಿಯಿದ್ದರೆ ಅದರ ಕೊಳೆಯೂ ಅಷ್ಟೇ ಬೇಗ ಇಳಿಯುತ್ತದೆ. ಕಣ್ಣಿಗೆ ಸ್ಫಟಿಕದಂತೆ ಕಾಣುವ ನೀರಿನಲ್ಲಿಯೂ ರೋಗವಿರಬಹುದು.

ಇನ್ನು ಕ್ಲೋರಿನ್ನಿಗೂ ಬಗ್ಗದ ವಿಷವೊಂದನ್ನು ಈ ಜಿಲ್ಲೆಯವರಾದ ನಾವು ಮರೆಯುವಂತಿಲ್ಲ. 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ತೋಡು, ಕೆರೆ, ಸುರಂಗಗಳ ನೀರನ್ನು ಕುಡಿಯುತ್ತಿದ್ದವರು ನಾವೇ. ಏನೋ ಕೆಟ್ಟಿದೆ ಎಂದು ಮೊದಲು ಕೂಗಿ ಹೇಳಿದವರು ರಾಜಧಾನಿಯ ತಜ್ಞರಲ್ಲ. ಪಡ್ರೆ ಗ್ರಾಮದ ವಾಣಿನಗರದಲ್ಲಿದ್ದ ವೈದ್ಯ ವೈ.ಎಸ್. ಮೋಹನ ಕುಮಾರ್ ಅವರು, ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು, ಅಲ್ಲಿನ ತಾಯಂದಿರು. ದೆಹಲಿಯ ಸಂಸ್ಥೆ ಪಡ್ರೆಯ ನೀರು, ಮಣ್ಣು, ರಕ್ತಗಳನ್ನು ಪರೀಕ್ಷಿಸಿ ಅವುಗಳಲ್ಲಿ ಎಂಡೋಸಲ್ಫಾನ್ ಇದೆಯೆಂದು ಸಾರಿದ್ದು 2001ರಲ್ಲಿ. ನೀರು ಕೆಟ್ಟರೆ ಮೊದಲು ತಿಳಿಯುವುದು ಅದನ್ನು ಕುಡಿಯುವವರಿಗೇ. ಹಾಗಿರುವಾಗ ಪರೀಕ್ಷೆ ಮಾಡುವ ವಿದ್ಯೆಯೂ ಅವರಲ್ಲಿರಬೇಕಾದುದು ಸಹಜವಲ್ಲವೇ?

ಕಾನೂನು ಕಾಗದಗಳಲ್ಲಿ ಇದಕ್ಕೆ ವಿರೋಧವೇನೂ ಇಲ್ಲ. 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ್ ಮಿಷನ್ನಿನ ನಿಯಮಗಳನ್ನೇ ನೋಡಿರಿ. ಹತ್ತರಿಂದ ಹದಿನೈದು ಮಂದಿಯ ಗ್ರಾಮ ನೀರು ಸಮಿತಿ, ಅದರಲ್ಲಿ ಅರ್ಧದಷ್ಟು ಮಹಿಳೆಯರು, ಕಾಲು ಭಾಗ ದುರ್ಬಲ ವರ್ಗದವರು. ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ. ಕೇರಳದಲ್ಲಿ ಇದು ಹೊಸತೂ ಅಲ್ಲ. ಕೋಝಿಕ್ಕೋಡಿನ ಬಳಿಯ ಒಳವಣ್ಣ ಪಂಚಾಯತಿನಲ್ಲಿ ಊರವರೇ ಸಮಿತಿ ಕಟ್ಟಿ, ಪಾಲು ಹಣ ಹಾಕಿ, ನೀರಿನ ಯೋಜನೆಗಳನ್ನು ತಾವೇ ನಡೆಸಿ ತೋರಿಸಿದರು. 2000ನೇ ಇಸವಿಯಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ 'ಜಲನಿಧಿ'ಯೂ ಫಲಾನುಭವಿಗಳ ಸಮಿತಿಯ ಆಧಾರದ ಮೇಲೆಯೇ ನಿಂತದ್ದು. ದಾರಿ ಗೊತ್ತಿದೆ, ಕೊಪ್ಪದವರೆಗೆ ಆ ದಾರಿಯಲ್ಲಿ ನಡೆದವರು ಕಡಿಮೆ.

ಶ್ರೀಮಂತ ರಾಷ್ಟ್ರಗಳಲ್ಲಿಯೂ ಈ ಪಾಠವನ್ನು ಕಲಿಯಲು ಬಹುಕಾಲ ಹಿಡಿಯಿತು. ಕೆನಡಾದ ನೆಸ್ಕಾಂಟಗ ಎಂಬ ಮೂಲನಿವಾಸಿಗಳ ಊರಿನಲ್ಲಿ 1993ರಲ್ಲಿ ಶುದ್ಧೀಕರಣ ಘಟಕ ಕಟ್ಟಿದರು. 1995ರಲ್ಲಿಯೇ ನೀರನ್ನು ಕುದಿಸದೆ ಕುಡಿಯಬಾರದೆಂಬ ಎಚ್ಚರಿಕೆ ಹೊರಟಿತು. ಕಾಲು ಶತಮಾನ ಕಳೆದರೂ ಅದು ತೆರವಾಗಲಿಲ್ಲ. 2021ರಲ್ಲಿ ಅಲ್ಲಿನ ಮೂಲನಿವಾಸಿಗಳು ಹೂಡಿದ ದಾವೆ 800 ಕೋಟಿ ಡಾಲರುಗಳ ಒಪ್ಪಂದದಲ್ಲಿ ಮುಗಿಯಿತು. ಅದೇ ದೇಶದಲ್ಲಿ ನಾವು ಕಲಿಯಬೇಕಾದ ಇನ್ನೊಂದು ಪದ್ಧತಿಯೂ ಇದೆ. ಅನುಭವವುಳ್ಳ ತರಬೇತುದಾರನೊಬ್ಬ ಊರಿಂದೂರಿಗೆ ಸುತ್ತುತ್ತಾ, ಅಲ್ಲಿನವರೇ ಆದ ನೌಕರರ ಜೊತೆ ಯಂತ್ರದ ಮುಂದೆ ನಿಂತು ಕೆಲಸ ಕಲಿಸುತ್ತಾನೆ. ತೊಂದರೆ ಬಂದಾಗ ಕರೆದರೆ ಸಲಹೆ ಕೊಡುತ್ತಾನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಲ್ಲ ಕೊಪ್ಪಗಳಿಗೆ ತುಳು, ಕನ್ನಡ ಬಲ್ಲ ಇಂತಹ ಇಬ್ಬರು ಸಾಕಾಗಬಹುದು.

ಇನ್ನೊಂದು ಆಕ್ಷೇಪವನ್ನೂ ಗಮನಿಸಬೇಕು. "ಜನರೇ ನಡೆಸಲಿ" ಎಂದರೆ ಸರಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳಲು ನೆಪ ಕೊಟ್ಟಂತಾಗದೇ ಎಂದು ಮಿತ್ರರೊಬ್ಬರು ಕೇಳಿದರು. ಈ ಭಯ ನಿರಾಧಾರವಲ್ಲ. ಬುಟ್ಟಿ ಮಾರಿ, ಕೂಲಿ ಮಾಡಿ ಬದುಕುವ ಹದಿನಾಲ್ಕು ಮನೆಗಳು ಸುಟ್ಟುಹೋದ ಮೋಟಾರನ್ನು ಬದಲಿಸಲಾರವು. ವಿದ್ಯುತ್ತಿನ ಬಿಲ್ಲು ಏರಿದರೆ ಕಟ್ಟಲಾರವು. ಆದುದರಿಂದ ಪಂಪು, ಪೈಪು, ವಿದ್ಯುತ್ತುಗಳ ಭಾರ ಪಂಚಾಯತಿನ ಮೇಲೆ, ಪರಿಶಿಷ್ಟ ವರ್ಗ ಅಭಿವೃದ್ಧಿ ಇಲಾಖೆಯ ಮೇಲೆ ಇರಲೇಬೇಕು. ಕೊಪ್ಪದವರ ಕೈಗೆ ಹೋಗಬೇಕಾದುದು ಆಡಳಿತ: ಯಾವಾಗ ನೀರು ಬಿಡುವುದು, ಯಾರು ಪೌಡರು ಹಾಕುವುದು, ಲೆಕ್ಕ ಯಾರು ಬರೆಯುವುದು, ಕೆಟ್ಟರೆ ಯಾರನ್ನು ಪ್ರಶ್ನಿಸುವುದು ಎಂಬ ತೀರ್ಮಾನಗಳು.

ಇನ್ನು ಭಾಷೆಯ ಮಾತು. ಅರ್ಜಿ, ನಮೂನೆ, ಫಲಕಗಳು ಕನ್ನಡದಲ್ಲಿರಲಿ ಎಂದು 1956ರಿಂದ ನಾವು ಹೋರಾಡುತ್ತ ಬಂದಿದ್ದೇವೆ. ಆ ಕೊಪ್ಪದ ಬೀಗದ ವಿಚಾರವಾಗಿ ನಾವು ಕನ್ನಡದಲ್ಲಿ ಬರೆದ ಅರ್ಜಿಯನ್ನು ಒಂದು ಕಚೇರಿಯಲ್ಲಿ, ಮಲಯಾಳದಲ್ಲಿ ಬರೆದು ತನ್ನಿ ಎಂದು ಹಿಂತಿರುಗಿಸಿದರು. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕಾನೂನಿನಲ್ಲಿದೆಯೆಂದು ತಿಳಿಸಿ ಎರಡನೆಯ ಸಲ ಕೊಟ್ಟಾಗ ತೆಗೆದುಕೊಂಡರು. ನಮ್ಮ ಹಕ್ಕು ಸ್ಥಾಪನೆಯಾಯಿತೆಂದು ಸಂತೋಷಪಟ್ಟು ಹಿಂತಿರುಗುವಾಗ ದಾರಿಯಲ್ಲಿ ಒಂದು ಯೋಚನೆ ಬಂದಿತು. ಫಲಕವನ್ನು ಕನ್ನಡಕ್ಕೆ ತಿರುಗಿಸಿದರೆ ನಮ್ಮ ಮನಸ್ಸಿಗೆ ತೃಪ್ತಿ. ಕೊಪ್ಪದ ಅಜ್ಜಿಗೆ ಅದರಿಂದ ಏನಾಗಬೇಕು? ಆಕೆಗೆ ಓದು ಬಾರದು. ಆಕೆಯ ಮಾತು ತುಳು. ನಮಗೆ ಅನ್ಯರು ಮಾಡಿದ್ದನ್ನೇ ನಾವು ಅವರಿಗೆ ಮಾಡಬಾರದು. ಮಕ್ಕಳಿಗೆ ಕನ್ನಡ ಫಲಕ ಬೇಕು. ಹಿರಿಯರಿಗೆ ಯಂತ್ರದ ಮುಂದೆ ನಿಲ್ಲಿಸಿ ಅವರದೇ ಮಾತಿನಲ್ಲಿ ಹೇಳಿ ತೋರಿಸಬೇಕು.

ನಮ್ಮ ಸೂಚನೆಗಳು ಇಷ್ಟೆ. ಒಂದನೆಯದಾಗಿ, ಕೊಪ್ಪಗಳಲ್ಲಿ ನೀರಿನ ಯೋಜನೆಯ ನಕ್ಷೆ ತಯಾರಾಗುವ ಮೊದಲು ಊರುಕೂಟ ಸೇರಲಿ, ಅದು ತುಳುವಿನಲ್ಲಿ ನಡೆಯಲಿ. ಯಾವ ಸೆಲೆ ಬೇಸಗೆಯಲ್ಲಿಯೂ ಬತ್ತುವುದಿಲ್ಲವೆಂದು ಅಲ್ಲಿನವರಿಗೆ ಗೊತ್ತು. ಎರಡನೆಯದಾಗಿ, ಕಟ್ಟುವ ಕೆಲಸದಲ್ಲಿ ಅವರಿಗೇ ಕೂಲಿ ಸಿಗಲಿ. ಪೈಪು ಹೂತವನಿಗೆ ಅದು ಎಲ್ಲಿ ಸೋರುತ್ತದೆಂದು ಹುಡುಕಿಕೊಡಬೇಕಾಗಿಲ್ಲ. ಮೂರನೆಯದಾಗಿ, ಪ್ರತಿ ಘಟಕಕ್ಕೂ ಕೊಪ್ಪದ ಇಬ್ಬರನ್ನು, ಅವರಲ್ಲೊಬ್ಬಳು ಮಹಿಳೆಯನ್ನು, ಗೌರವಧನ ಕೊಟ್ಟು ನೇಮಿಸಿ ಬೀಗದ ಕೈಯನ್ನು ಅವರಿಗೆ ಕೊಡಲಿ. ನಾಲ್ಕನೆಯದಾಗಿ, ಹತ್ತಿರದ ಶಾಲೆ ಒಂದೊಂದು ಕೊಪ್ಪದ ನೀರಿನ ಪರೀಕ್ಷೆಯನ್ನು ವಹಿಸಿಕೊಳ್ಳಲಿ. ಹೈಯರ್ ಸೆಕೆಂಡರಿ ಶಾಲೆಗಳ ರಸಾಯನಶಾಸ್ತ್ರ ಪ್ರಯೋಗಾಲಯಗಳಲ್ಲಿ ನೀರು ಪರೀಕ್ಷೆಗೆ ವ್ಯವಸ್ಥೆ ಮಾಡುವ ಕೆಲಸವನ್ನು ಹರಿತ ಕೇರಳ ಮಿಷನ್ ಕೈಗೊಂಡಿದೆ; ನಮ್ಮ ಕನ್ನಡ ಶಾಲೆಗಳೂ ಅದರಲ್ಲಿ ಪಾಲು ಕೇಳಲಿ.

ಈ ನಾಲ್ಕನೆಯ ಸೂಚನೆ ಸಹೋದ್ಯೋಗಿಗಳಾದ ಅಧ್ಯಾಪಕರಿಗೆ. ಸಿಲಿಂಡರಿನ ಘನಫಲವನ್ನು ಕರಿಹಲಗೆಯ ಮೇಲೆ ಕಲಿಸುವ ಬದಲು ಬಾವಿಕಟ್ಟೆಯ ಮೇಲೆ ಕಲಿಸಿದರೆ ಪಾಠವೂ ನಿಲ್ಲುತ್ತದೆ, ಬಾವಿಯೂ ಶುದ್ಧವಾಗುತ್ತದೆ. ನಾವು ಇದನ್ನು ಮಾಡಿ ನೋಡಿದೆವು. ಎಂಟನೆಯ ತರಗತಿಯವರು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗಳ ಆಳ ಅಳೆದರು, ಪೌಡರಿನ ಲೆಕ್ಕ ಮಾಡಿದರು. ಕೊಪ್ಪಕ್ಕೆ ಹೋದ ದಿನ ನೀರಿನಲ್ಲಿ ಕ್ಲೋರಿನ್ ಇದೆಯೋ ಎಂದು ನೋಡುವ ಸಣ್ಣ ಕಿಟ್ಟನ್ನು ಮೊದಲು ಕೈಗೆತ್ತಿಕೊಂಡವಳು ತಡವಾಗಿ ಬರುತ್ತಿದ್ದ ಆ ಹುಡುಗಿಯೇ. ಅವಳು ತುಳುವಿನಲ್ಲಿ ವಿವರಿಸಿದಷ್ಟು ಚೆನ್ನಾಗಿ ನಮಗೆ ವಿವರಿಸಲು ಬರುತ್ತಿರಲಿಲ್ಲ.

ಎರಡನೆಯ ಅರ್ಜಿಯ ನಂತರ ಬೀಗದ ಕೈಯ ಒಂದು ಪ್ರತಿ ಕೊಪ್ಪದವರಿಗೆ ಸಿಕ್ಕಿದೆ. ಫಿಲ್ಟರಿನ ಮರಳನ್ನು ಹೊರತೆಗೆದು ತೊಳೆದು ತುಂಬಿದ್ದಾರೆ. ತುಕ್ಕಿನ ಬಣ್ಣ ಬಹುಮಟ್ಟಿಗೆ ಹೋಗಿದೆ. ಕ್ಲೋರಿನ್ ಯಂತ್ರ ಇನ್ನೂ ದುರಸ್ತಿಯಾಗಿಲ್ಲ; ಅಲ್ಲಿಯವರೆಗೆ ಬಕೆಟಿನಲ್ಲಿ ಕಲಸಿ ಹಾಕುತ್ತಿದ್ದಾರೆ, ಗೋಡೆಗೆ ತೂಗಿದ ನೋಟುಪುಸ್ತಕದಲ್ಲಿ ದಿನಾಂಕ ಬರೆಯುತ್ತಿದ್ದಾರೆ. ಗೌರವಧನದ ಮಾತು ಕಡತದಲ್ಲಿಯೇ ಇದೆ. ಅದು ಹೊರಬರುವವರೆಗೆ ನಾವು ಕೇಳುತ್ತಿರಬೇಕು. ನಮ್ಮೊಡನೆ ನೀವೂ ಕೇಳಬೇಕು. ನಿಮ್ಮ ಮನೆಯ ಹತ್ತಿರದ ಕೊಪ್ಪಕ್ಕೆ ಒಮ್ಮೆ ಹೋಗಿ, ಪಂಪು ಶೆಡ್ಡಿನ ಬೀಗದ ಕೈ ಯಾರಲ್ಲಿದೆ ಎಂದು ವಿಚಾರಿಸಿ ನೋಡಿರಿ. ಬಾಯಾರಿದ್ದರೆ ಅಲ್ಲಿಯೇ ಒಂದು ಲೋಟ ನೀರು ಕೇಳಿ ಕುಡಿಯಿರಿ. ಅದನ್ನು ಕುಡಿಯಲು ನಿಮಗೆ ಹೆದರಿಕೆಯಾದರೆ, ಮರುದಿನ ಬೆಳಿಗ್ಗೆಯೇ ಪಂಚಾಯತಿಗೆ ಅರ್ಜಿ ಬರೆಯಿರಿ. ಕನ್ನಡದಲ್ಲಿಯೇ ಬರೆಯಿರಿ.